ಕೌಂಟರಿನ ಕುರ್ಚಿ

ಮಂಗಳವಾರ, ಮಾರ್ಚ್ ೪

ನಮ್ಮ ಲಾಂಡ್ರಿಯ ಇಸ್ತ್ರಿಯವಳ ಆ ಒಂದು ಮಾತು ಕಿವಿಯಲ್ಲೇ ಕೂತಿದೆ.

ಇವತ್ತು ಕಾಲೇಜಿನ ಹುಡುಗಿಯೊಬ್ಬಳು ಲಾಂಡ್ರಿಗೆ ಬಂದಿದ್ದಳು. ನಮ್ಮ ಜನ, ಹೊಳೆಯಾಚೆಯ ಜನ, ಇಬ್ಬರ ಬದುಕನ್ನೂ ಹೋಲಿಸಿ ಏನೋ ಬರೆಯುತ್ತಾಳಂತೆ. "ಇಬ್ಬರ ಅಜ್ಜಂದಿರೂ ಒಂದೇ ಹಡಗಲ್ಲಿ ಈ ಊರಿಗೆ ಕೂಲಿಗೆ ಬಂದೋರಲ್ವಾ ಮೇಡಂ? ನಿಮ್ಮವರಿಗೆ ಅಂಗಡಿ, ಮನೆ ಎಲ್ಲ ಆಯ್ತು. ಅವರು ಯಾಕೆ ಇನ್ನೂ ಕೂಲಿಯಲ್ಲೇ ಇದಾರೆ?"

ನಾನು ಬಾಯಿಗೆ ಬಂದಂತೆ ಒದರಿದೆ. "ನಾವು ಹೊಟ್ಟೆ ಬಟ್ಟೆ ಕಟ್ಟಿ ಮೇಲೆ ಬಂದ್ವಿ. ಅವರಿಗೆ ಮಕ್ಕಳನ್ನ ಓದಿಸೋ ಮನಸ್ಸೇ ಇಲ್ಲ."

ಪರದೆಯ ಹಿಂದೆ ಇಸ್ತ್ರಿಪೆಟ್ಟಿಗೆಯ ಬುಸ್ಸೆನ್ನುವ ಸದ್ದು ನಿಂತಿತು. ಇಸ್ತ್ರಿಯವಳು ಹೊಳೆಯಾಚೆಯವಳೇ. ಅಪ್ಪನ ಕಾಲದಿಂದ ಇದ್ದಾಳೆ, ನನ್ನನ್ನು ಎತ್ತಿ ಆಡಿಸಿದವಳು, ಆದರೂ ನನಗೆ ಅಕ್ಕ ಅನ್ನುತ್ತಾಳೆ. ಅವಳ ಮಗಳು ಬಿಕಾಂ ಮುಗಿಸಿ, ಹೋದ ತಿಂಗಳು ಕೌಂಟರಿನ ಕೆಲಸ ಕೇಳಿಕೊಂಡು ಬಂದಿದ್ದಳು. ಗಿರಾಕಿಗಳ ಮುಂದೆ ನಮ್ಮವರೇ ಕೂರಬೇಕೆನ್ನುವುದು ಅಜ್ಜ ಹಾಕಿದ ಪದ್ಧತಿ. ಕೆಲಸ ಖಾಲಿ ಇಲ್ಲವೆಂದು ಅವಳನ್ನು ಕಳಿಸಿ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಅಣ್ಣನ ಮಗನನ್ನು ಕೂರಿಸಿದೆ.

ಕಾಲೇಜಿನ ಹುಡುಗಿ ಪರದೆ ಸರಿಸಿ ಇಸ್ತ್ರಿಯವಳನ್ನೂ ಅದನ್ನೇ ಕೇಳಿದಳು. ಅವಳು ಒಮ್ಮೆ ನನ್ನ ಮುಖ ನೋಡಿದಳು.

"ಅಕ್ಕ ಹೇಳಿದ್ದೇ ಸರಿ. ಹಾಗೇ ಬರ್ಕೊಳ್ಳಮ್ಮ."

ನಾಲ್ಕು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸಂಜೆ ಎಂದಿನಂತೆ ನನ್ನ ಬಟ್ಟೆಯನ್ನೂ ನೀಟಾಗಿ ಮಡಿಸಿಟ್ಟು ಹೋದಳು.

ನಾಳೆಯೇ ಅವಳ ಮಗಳನ್ನು ಕರೆಸುತ್ತೇನೆ ಎಂದು ಬರೆಯಲು ಕೂತವಳು ನಾನು. ಅಷ್ಟರಲ್ಲೇ, ಮಗನನ್ನು ಕೌಂಟರಿನಿಂದ ಎಬ್ಬಿಸಿದರೆ ಸಿಡುಕುವ ಅಣ್ಣನ ಮುಖ ಕಣ್ಣಮುಂದೆ ಬಂತು. ಇವತ್ತಿನ ಮಾತು ತಣ್ಣಗಾಗಲಿ, ಆಮೇಲೆ ನೋಡೋಣ ಎನ್ನುತ್ತಿದೆ ಮನಸ್ಸು.

ಥೂ.