ಅಳಿಯಂದಿರು ಹೇಳಿದ ‘ಮನೆ’

ತೋಟದ ಮನೆ, ಪೊಳ್ಳಾಚಿ
೧೧-೬-೨೦೨೬, ಗುರುವಾರ

ಇಂದೂ ಕಣ್ಣೇ,

ಅಮ್ಮ ಸುಖವಾಗಿ ಊರು ಸೇರಿದಳು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇಲ್ಲಿ ನಾನು ಫೋನ್ ಎತ್ತಿದರೆ ಸಾಕು, ನಿಮ್ಮಪ್ಪ, ನಿನ್ನ ತಮ್ಮ ಗೋಕುಲ್, ಪಕ್ಕದ ತೋಟದ ರಾಮಾತಾಳ್ ಮೂವರೂ ಕಿವಿ ಇಲ್ಲೇ ಇಟ್ಟು ಕೂರುತ್ತಾರೆ. ಕಾಗದಕ್ಕೆ ಆ ಭಯವಿಲ್ಲ. ತಾಳವಾಡಿಯ ಕನ್ನಡ ಶಾಲೆಯಲ್ಲಿ ಓದಿದವಳು ನಾನು, ನನ್ನ ಹತ್ತಿರ ಅಕ್ಷರ ಕಲಿತವಳು ನೀನು. ಮಿಕ್ಕವರೆಲ್ಲ ಬಾಯಲ್ಲಿ ಕನ್ನಡ ಆಡುತ್ತಾರೆ, ಬರೆದದ್ದು ಕಂಡರೆ ಮಿಕಿಮಿಕಿ ನೋಡುತ್ತಾರೆ.

ಭಾನುವಾರ ನಡೆದದ್ದೆಲ್ಲ ನಿನ್ನ ಕಣ್ಣೆದುರೇ ನಡೆದದ್ದು. ಆದರೂ ಬರೆಯುತ್ತೀನಿ, ಬರೆಯುವಾಗ ಇನ್ನೊಂದು ಸಲ ಅಲ್ಲಿ ಇದ್ದ ಹಾಗಾಗುತ್ತೆ.

ನಿನ್ನ ಮದುವೆ ಮಂಟಪದಲ್ಲಿ ನಾನು ಎಲ್ಲರ ಎದುರು ಅಂದಿದ್ದೆನಲ್ಲ, ಮಗಳಿಗೆ ಸ್ವಂತ ಮನೆ ಅಂತ ಒಂದಾಗಲಿ, ಆಗ ಹಾಲು ಕಾಯಿಸೋಕೆ ಬರುತ್ತೀನಿ, ಅಲ್ಲಿವರೆಗೆ ಬಾಡಿಗೆ ಮನೆಯ ಹೊಸ್ತಿಲು ತುಳಿಯಲ್ಲ ಅಂತ. ಹುಡುಗ ಬೇರೆ ಭಾಷೆಯವರು, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಮಗಳು ಎಲ್ಲಿ ಹೋಗಿ ಸೇರುತ್ತಾಳೋ ಅನ್ನೋ ಕಸಿವಿಸಿಯಲ್ಲಿ ಬಾಯಿ ಜಾರಿತು. ಆಡಿದ್ದನ್ನು ವಾಪಸ್ ತಗೊಳ್ಳುವ ಗುಣ ನನಗೆ ದೇವರು ಕೊಟ್ಟಿಲ್ಲ. ಎರಡು ವರ್ಷ ನಿನ್ನನ್ನು ಯಾರದೋ ಮದುವೆ ಊಟದ ಪಂಕ್ತಿಯಲ್ಲಿ ನೋಡಿದ್ದೇ ಬಂತು. ನೀನು ಎಲ್ಲಿ ಅಡುಗೆ ಮಾಡುತ್ತೀ, ಯಾವ ಕಿಟಕಿ ಪಕ್ಕ ಮಲಗುತ್ತೀ ಅಂತ ಒಂದೂ ಗೊತ್ತಿಲ್ಲ. ಬರಬೇಕು ಅಂತ ಜೀವ ಒದ್ದಾಡುತ್ತಿತ್ತು, ನನ್ನ ಮಾತೇ ನನ್ನನ್ನು ಹೊರಗೆ ನಿಲ್ಲಿಸಿತ್ತು.

ಹೀಗಿರುವಾಗ ಹೋದ ವಾರ ನಿನಗೆ ಫೋನ್ ಮಾಡಿದೆ. ನೀನು ಸ್ನಾನಕ್ಕೆ ಹೋಗಿದ್ದೆ, ಅಳಿಯಂದಿರು ಎತ್ತಿದರು. ಯಾವತ್ತೂ ತಮಿಳಲ್ಲಿ ಎರಡು ಮಾತಾಡಿ ಇಡುವವರು, ಅವತ್ತು ಅತ್ತೆಯನ್ನು ಮೆಚ್ಚಿಸೋಣ ಅಂತ ಕನ್ನಡಕ್ಕೆ ಕೈ ಹಾಕಿದರು. ನಾವು ಮನೆ ತಗೊಂಡಿದೀವಿ, ನೀವು ಬಂದು ನೋಡಬೇಕು ಅಂದರು. ಅವರ ಮನಸ್ಸಿನಲ್ಲಿದ್ದದ್ದು ತಮಿಳಿನ ‘ಮನೈ’, ಅಂದರೆ ಬರೀ ಸೈಟು. ಕೊನೆಯ ಅಕ್ಷರ ಸ್ವಲ್ಪ ಬದಲಾಯಿಸಿದರೆ ಕನ್ನಡವಾಗುತ್ತೆ ಅಂದುಕೊಂಡು ‘ಮನೆ’ ಮಾಡಿಬಿಟ್ಟರು. ತಮಿಳಲ್ಲೇ ಹೇಳಿದ್ದರೆ ಖಾಲಿ ಜಾಗ ಅಂತಲಾದರೂ ನನಗೆ ತಿಳಿಯುತ್ತಿತ್ತು. ಅದೂ ಟಿವಿಯೊಳಗಿನ ಜಾಗ, ಕಾರ್ ರೇಸ್ ಆಟದಲ್ಲಿ ನೀವಿಬ್ಬರೂ ಗೆದ್ದು ಸಂಪಾದಿಸಿದ್ದು ಅಂತ ವಿವರಿಸೋಕೆ ಅವರ ಕನ್ನಡ ಸಾಲಲಿಲ್ಲ.

ತಮಿಳರ ವೈಕಾಸಿ ತಿಂಗಳು ಮುಗಿಯುವುದರೊಳಗೆ ಹಾಲು ಕಾಯಿಸಿಬಿಡಬೇಕು ಅಂತ ಭಾನುವಾರವೇ ಹೊರಟೆ. ನಮ್ಮ ಹಸುವಿನ ಹಾಲು, ಹೊಸ ಹಿತ್ತಾಳೆ ಪಾತ್ರೆ, ಅದರ ಕತ್ತಿಗೆ ಅರಿಶಿನದ ಕೊಂಬು. ರಾಮಾತಾಳ್‌ಗೆ ಮಂಡಿ ನೋವು, ನಿಮ್ಮಪ್ಪ ಕಾಯಿ ಕೀಳಿಸುತ್ತಿದ್ದರು, ಹಾಗಾಗಿ ಒಬ್ಬಳೇ ಬಂದೆ. ಬಸ್ಸಲ್ಲಿ ಪಲ್ಲಡಂ ದಾಟುವವರೆಗೂ ಪಾತ್ರೆಯನ್ನು ಮಡಿಲಿಂದ ಇಳಿಸಲಿಲ್ಲ.

ಅಳಿಯಂದಿರು ಮೆಟ್ಟಿಲಿಳಿದು ಬಂದು ನನ್ನ ಕೈಯಲ್ಲಿದ್ದ ಪಾತ್ರೆ ನೋಡಿದರು, ಅರಿಶಿನದ ಕೊಂಬು ನೋಡಿದರು. ಪಾಪ, ಮುಖ ಸುಣ್ಣವಾಯಿತು. ತಪ್ಪಾಯಿತು, ಮನೈ ಅಂತ ಹೇಳಬೇಕಿತ್ತು ಅಂತ ತಮಿಳಲ್ಲಿ ತಡವರಿಸಿದರು. ನೀನು ಹಿಂದೆ ನಿಂತು ಅಳಲೋ ನಗಲೋ ಅನ್ನುವ ಹಾಗಿದ್ದೆ. ನಾನು ಬೀದಿಗೆ ಕೇಳುವ ಹಾಗೆ ಬೈದೆ. ಬೈದು ಮುಗಿದ ಮೇಲೆ ಬಿಸಿಲಿಗೆ ಹಾಲು ಒಡೆದು ಹೋಗುತ್ತೆ ಅಂತ ಮೇಲೆ ಹತ್ತಿ ಬಂದೆ. ಹಾಲಿಗೋಸ್ಕರ ಬಂದದ್ದು, ನೆನಪಿರಲಿ.

ಆದರೆ ಟಿವಿಯಲ್ಲಿ ನೀವು ತೋರಿಸಿದ ಆ ಜಾಗ ಚೆನ್ನಾಗಿದೆ ಕಣೇ. ಬೆಟ್ಟದ ತುದಿ, ಕೆಳಗೆ ಸಮುದ್ರ, ಸುತ್ತಿಕೊಂಡು ಹೋಗುವ ರಸ್ತೆ. ಅದರಲ್ಲಿ ನೀವು ಕಟ್ಟಿದ್ದೇನು? ಕಾರಿಗೆ ಮೂರು ಶೆಡ್ಡು, ಮನುಷ್ಯರಿಗೆ ಒಲೆ ಹೂಡೋಕೆ ಒಂದು ಮೂಲೆಯಿಲ್ಲ. ಬಾಗಿಲು ಬೇರೆ ತೆಂಕಲಿಗೆ. ನಾನು ಸುಮ್ಮನಿರಬೇಕು ಅಂತಲೇ ಇದ್ದೆ, ಆಗಲಿಲ್ಲ. ಆ ಸೂರ್ಯ ಯಾವ ಕಡೆ ಹುಟ್ಟುತ್ತಾನೆ ತೋರಿಸಿ ಅಂದೆ. ಅಳಿಯಂದಿರು ಬಟನ್ ಒತ್ತಿ ಬೆಳಕು ಹರಿಸಿ ತೋರಿಸಿದರು. ಆಮೇಲೆ ನಾನು ಹೇಳಿದ ಹಾಗೇ, ಅಷ್ಟು ದಿನ ಕೂತು ಕಟ್ಟಿದ ಗೋಡೆ ತೆಗೆದು ಬಾಗಿಲನ್ನು ಮೂಡಲಿಗೆ ತಿರುಗಿಸಿದರು. ಬಾಗಿಲ ಪಕ್ಕ ಕೂರೋಕೆ ಒಂದು ತಿಣ್ಣೆ ಬೇಕು ಅಂದೆ. ಆಟದಲ್ಲಿ ತಿಣ್ಣೆ ಅಂತ ಸಾಮಾನೇ ಇಲ್ಲವಂತೆ, ಕಲ್ಲಿನ ಚಪ್ಪಡಿಗಳನ್ನು ಸಾಲಾಗಿ ಜೋಡಿಸಿ ತಿಣ್ಣೆ ಮಾಡಿದರು. ಇನ್ನೂ ಒಂಚೂರು ಎಡಕ್ಕಾ ಅತ್ತೆ ಅಂತ ಅವರು ಕೇಳಿದಾಗ ನನ್ನ ಕೋಪ ಕರಗಿತು. ನಿನ್ನನ್ನೂ ಹೀಗೇ ಕೇಳಿ ಕೇಳಿ ನೋಡಿಕೊಳ್ಳುತ್ತಾರೆ ಅಂತ ಗೊತ್ತಾಯಿತು.

ರಂಗೋಲಿಯ ವಿಷಯಕ್ಕೆ ನಾನು ಇನ್ನೂ ನಗುತ್ತಿದ್ದೀನಿ. ಅಂಗಳದಲ್ಲಿ ಬರೆಯೋಕೆ ಬರಲ್ಲ, ಕಾರಿನ ಮೇಲಾದರೆ ಏನು ಬೇಕಾದರೂ ಬರೆಯಬಹುದಂತೆ. ನಾನು ಚುಕ್ಕಿ ಹೇಳುತ್ತಾ ಹೋದೆ, ನೀವಿಬ್ಬರೂ ಬಾನೆಟ್ ಮೇಲೆ ಗೆರೆ ಎಳೆಯುತ್ತಾ ಹೋದಿರಿ. ಆ ಬಿಳಿ ಎಳೆಯ ಕೆಂಪು ಕಾರನ್ನು ಬಾಗಿಲ ಮುಂದೆ ನಿಲ್ಲಿಸಿದ ಮೇಲೆ ಮನೆಗೆ ಕಳೆ ಬಂತು. ಆಮೇಲೆ ಅದೇ ಕಾರನ್ನು ನನ್ನ ಕೈಗೆ ಕೊಟ್ಟು ಓಡಿಸಿ ಅಂದಿರಲ್ಲ, ರಂಗೋಲಿ ಸಮೇತ ಸಮುದ್ರಕ್ಕೆ ಇಳಿಸಿದ್ದು ನನ್ನ ತಪ್ಪಲ್ಲ. ಬ್ರೇಕ್ ಯಾವುದು ಅಂತ ಮೊದಲೇ ಹೇಳಬೇಕಿತ್ತು.

ಆ ಆಟ ಆಡುತ್ತಿದ್ದ ಯಾರೋ ಅಪರಿಚಿತರು ತಮ್ಮ ಕಾರುಗಳಲ್ಲಿ ಬಂದು ತಿಣ್ಣೆ ಮುಂದೆ ನಿಂತು ಹಾರ್ನ್ ಹೊಡೆದರು. ಅದೇ ಹೊತ್ತಿಗೆ ನಿನ್ನ ಒಲೆಯ ಮೇಲೆ ನನ್ನ ಹಾಲು ಉಕ್ಕಿತು. ಮೂಡಲಿಗೇ ಉಕ್ಕಿತು, ನೋಡಿದೆಯಲ್ಲ. ಆಗ ಅಳು ಬಂತು, ಹೊಗೆ ಅಂದೆ. ಗ್ಯಾಸ್ ಒಲೆಯಲ್ಲಿ ಎಲ್ಲಿಯ ಹೊಗೆ? ಖುಷಿಗೆ ಅತ್ತದ್ದು ಕಣೇ.

ಊರಲ್ಲಿ ಕೇಳಿದವರಿಗೆಲ್ಲ ಮಗಳ ಮನೆಯಲ್ಲಿ ಹಾಲು ಕಾಯಿಸಿ ಬಂದೆ ಅಂದಿದ್ದೀನಿ, ಅದರಲ್ಲಿ ಸುಳ್ಳೇನೂ ಇಲ್ಲ. ಬಾಗಿಲಲ್ಲಿ ನಿಂತರೆ ಸಮುದ್ರ ಕಾಣುತ್ತೆ ಅಂತ ಒಂದು ಮಾತು ಬಾಯಿ ತಪ್ಪಿ ಬಂತು. ತಿರುಪ್ಪೂರಿಗೆ ಸಮುದ್ರ ಯಾವಾಗ ಬಂತು ಅಂತ ರಾಮಾತಾಳ್ ಇವತ್ತಿಗೂ ಬಿಡುತ್ತಿಲ್ಲ. ನಿಮ್ಮಪ್ಪ ಮಾತ್ರ ಎಲ್ಲಾ ಕೇಳಿ, ಅಷ್ಟು ಜಾಗ ಇಟ್ಟುಕೊಂಡು ಒಂದು ದನದ ಕೊಟ್ಟಿಗೆ ಹಾಕಿಲ್ಲವಾ ಅಂತ ಬೇಜಾರು ಮಾಡಿಕೊಂಡರು. ಬರುವ ಭಾನುವಾರ ಅವರನ್ನೂ ಕರೆತರುತ್ತೀನಿ. ಸ್ವಂತ ಮನೆ ಆಯಿತಲ್ಲ, ಇನ್ನು ನನ್ನನ್ನು ತಡೆಯುವವರು ಯಾರು? ನಿನ್ನ ಕಿಟಕಿ ಪಕ್ಕದ ಜಾಗ ನನಗೆ, ಹೇಳಿಬಿಟ್ಟಿದ್ದೀನಿ. ಅಳಿಯಂದಿರಿಗೆ ಹೇಳು, ಅವರ ಮೇಲೆ ನನಗೆ ಕೋಪವಿಲ್ಲ.

ನಿನ್ನ ಹೊಸ್ತಿಲು ತುಳಿದು ಬಂದ
ಅಮ್ಮ
ತಂಗಮ್ಮ ಭೂಪತಿ

ಒಂದು ಮಾತು ಬಿಟ್ಟಿದ್ದೆ. ಅದು ಆಟದೊಳಗಿನ ಜಾಗ ಅಂತ ಶನಿವಾರವೇ ಗೋಕುಲ್ ನನಗೆ ಹೇಳಿದ್ದ, ಅವನೂ ತನ್ನ ಕಾರಲ್ಲಿ ಹೋಗಿ ನೋಡಿ ಬಂದಿದ್ದನಂತೆ. ಕೇಳಿಯೂ ಕೇಳದವಳ ಹಾಗೆ ಎದ್ದು ಹಿತ್ತಾಳೆ ಪಾತ್ರೆ ತಿಕ್ಕಿ ಇಟ್ಟೆ. ನಿಜವಾಗಿ ಮನೆ ತಗೊಂಡಿದ್ದರೆ ನಿನ್ನಮ್ಮ ವ್ಯಾನ್ ತುಂಬ ಜನ ಕರೆತರದೆ ಒಬ್ಬಳೇ ಬಸ್ಸಲ್ಲಿ ಬರುತ್ತಿದ್ದಳಾ? ಅಳಿಯಂದಿರಿಗೆ ಅಕ್ಷರ ಕಲಿಸುತ್ತಿದ್ದೀಯಂತೆ, ಚೆನ್ನಾಗಿ ಕಲಿಸು. ಅವರು ಓದುವಷ್ಟಾಗುವ ಮೊದಲು ಈ ಕಾಗದ ಹರಿದು ಹಾಕು.