ಮದ್ದು ಅನ್ನಬೇಡಿ, ಪೋಸ್ಟ್ ಅನ್ನಿ

ಅಪ್ಪಾ,

ದಡಿಯ ತಿಂದ! ಎರಡು ದಿನ ಭೇದಿಯಾಗಿ ಮೂಲೆ ಹಿಡಿದಿದ್ದ ನಾಯಿ ಬೆಳಿಗ್ಗೆ ತಟ್ಟೆ ನೆಕ್ಕಿ, ನಿಮ್ಮ ಚಪ್ಪಲಿ ಕಚ್ಕೊಂಡು ಮನೆ ತುಂಬ ಓಡ್ತು. ಬೈಬೇಡಿ, ನನಗೇ ಕುಣಿಯೋ ಹಾಗಾಯ್ತು!

ನಾನು ಬೇಕರಿ ಕೆಲಸಕ್ಕೆ ಹೊರಟೆ. ಹನ್ನೊಂದಕ್ಕೆ ಮೆತ್ತಗಿನ ಅನ್ನ, ಬೇಯಿಸಿದ ಸಿಹಿಗುಂಬಳ ಕಲಸಿ ಕೊಡಿ. ಉಪ್ಪು ಬೇಡ. ಸಪ್ಪೆ ಅನ್ನೋದು ನಿಮ್ಮ ನಾಲಿಗೆ, ಅವನದಲ್ಲ. ಈರುಳ್ಳಿ ಆಮ್ಲೆಟ್ ಮತ್ತೆ ಕದ್ದು ತಿನ್ನಿಸಿದ್ರೆ ನಿಮ್ಮ ಹತ್ರ ಮಾತು ಬಿಡ್ತೀನಿ. ಇಷ್ಟೆಲ್ಲ ಶುರುವಾಗಿದ್ದೇ ಅದರಿಂದ. ಮತ್ತೆ ಭೇದಿಯಾದರೆ ಡಾಕ್ಟರಿಗೆ ಫೋನ್ ಮಾಡಿ.

ಆಮೇಲೆ, ಅವನ ಬಿರುಕು ಬಿಟ್ಟ ಪಾದಕ್ಕೆ ಕೊಬ್ಬರಿ ಎಣ್ಣೆ ಸವರಬೇಕು. "ಮದ್ದು" ಅಂದ್ರೆ ಸಾಕು, ಮಂಚದ ಕೆಳಗೆ ಸೇರ್ಕೊಳ್ತಾನೆ. ಅದಕ್ಕೇ ಈ ಚೀಟಿ, ಗಟ್ಟಿಯಾಗಿ ಓದಬೇಡಿ! ಅವನಿಗೆ ಗುಟ್ಟಾಗಿ ಬೇರೆ ಮಾತು ಕಲಿಸಿದೀನಿ. ಬಾಗಿಲಲ್ಲಿ ನಿಂತು "ಪೋಸ್ಟ್!" ಅಂತ ಕೂಗಿ.

ಮೂವತ್ತು ವರ್ಷ ಕಾಗದ ಹಂಚುವಾಗ ನೀವು ಹಾಗೆ ಕೂಗಿದಾಗಲೆಲ್ಲ ನಾಯಿಗಳು ಅಟ್ಟಿಸ್ಕೊಂಡು ಬಂದವು. ಇವತ್ತು ಒಂದು ನಾಯಿ ಬಾಲ ಅಲ್ಲಾಡಿಸ್ಕೊಂಡು ಬರುತ್ತೆ, ನೋಡಿ.