ಪೋಸ್ಟರಿನಲ್ಲಿ ನನ್ನ ಜಡೆ

ಮಾರ್ಚ್ ೧೪, ಶನಿವಾರ

ಆ ಪೋಸ್ಟರ್ ನೆನೆದರೆ ಈಗಲೂ ಮೈ ಉರಿಯುತ್ತದೆ. ರಕ್ತದ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ರೋಗಿಯ ಫೋಟೋ ಬೇಕಲ್ಲ ಎಂದು ನನ್ನ ಬೋಳುತಲೆಯನ್ನೇ ಒಡ್ಡಿ ಕೂತಿದ್ದೆ. ನಮ್ಮ ಯಜಮಾನರದು ಫೋಟೋ ಸ್ಟುಡಿಯೋ. ಗಿರಾಕಿಗಳ ಮೊಡವೆ, ಸುಕ್ಕು ಅಳಿಸಿ ಅಳಿಸಿ ಕೈಗೆ ಅದೇ ಚಾಳಿ. ನನ್ನ ಕಣ್ಣಿನ ಕೆಳಗಿನ ಕಪ್ಪು ಅಳಿಸಿ, ಕೆನ್ನೆ ತೆಳ್ಳಗೆ ಮಾಡಿ, ಮೊಣಕಾಲುದ್ದದ ಜಡೆ ಬೇರೆ ಇಳಿಬಿಟ್ಟಿದ್ದಾರೆ! ಕೂದಲಿದ್ದ ಕಾಲದಲ್ಲೂ ನನ್ನದು ಇಲಿಬಾಲ.

"ರೀ, ಇದನ್ನ ನೋಡಿ ಯಾರು ದುಡ್ಡು ಹಾಕ್ತಾರೆ?"

"ಅಭ್ಯಾಸಬಲ ಕಣೇ, ಗೊತ್ತೇ ಆಗ್ಲಿಲ್ಲ."

ಬೇರೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. ಅದನ್ನೇ ಅಂಗಡಿ ಮುಂದೆ ಅಂಟಿಸಿ, ಡಬ್ಬಿ ಇಟ್ಟು, ತಲೆಗೆ ಸ್ಕಾರ್ಫ್ ಬಿಗಿದು ಕೂತೆ. ಅವರು ಪಕ್ಕದಲ್ಲಿ ನಿಂತರು. ಮೊದಲು ಬಂದ ಅಜ್ಜಿ, "ಈ ತಲೆಗೆಣ್ಣೆ ಎಷ್ಟಮ್ಮಾ?" ಎಂದರು. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುತ್ತಿದ್ದೇವೆ ಎಂದೆ. ಅಜ್ಜಿ ಪೋಸ್ಟರ್ ನೋಡಿದರು, ಮಾತ್ರೆಗಳಿಂದ ಊದಿದ ನನ್ನ ಕೆನ್ನೆ ನೋಡಿದರು, ಕೊನೆಗೆ ಯಜಮಾನರತ್ತ ತಿರುಗಿ ಕಣ್ಣೊರೆಸಿಕೊಂಡರು.

"ಅಯ್ಯೋ ಪಾಪ, ಎಷ್ಟು ಸೊರಗಿ ಹೋಗಿದೀಯಪ್ಪಾ! ಧೈರ್ಯವಾಗಿರು, ವಾಸಿಯಾಗುತ್ತೆ."

ಪರ್ಸನ್ನು ಡಬ್ಬಿಗೆ ಬರಿದು ಮಾಡಿದರು. ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಅವರ ಕಾಲು ತುಳಿದೆ. ಆಮೇಲೆ ಸಂಜೆಯವರೆಗೂ ಬಂದವರಿಗೆಲ್ಲ ಅವರೇ ರೋಗಿ. ನಾವು ಸುಳ್ಳೇನೂ ಹೇಳಲಿಲ್ಲ, ಸುಮ್ಮನಿದ್ದೆವು ಅಷ್ಟೆ. ಡಬ್ಬಿ ತುಂಬಿತು. ಮನೆಗೆ ಬರುವ ದಾರಿಯುದ್ದಕ್ಕೂ ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ಈಗ ಅವರು ಮಲಗಿದ್ದಾರೆ. ಕುರ್ಚಿಯ ಮೇಲೆ ಅವರ ಬೆಲ್ಟ್ ಬಿದ್ದಿದೆ. ಅದರಲ್ಲಿ ಮೊಳೆಯಿಂದ ತಾವೇ ಕೊರೆದುಕೊಂಡ ಹೊಸ ತೂತುಗಳು. ನನಗೆ ಗೊತ್ತೇ ಇರಲಿಲ್ಲ. ಎಲ್ಲಿಂದಲೋ ಬಂದ ಅಜ್ಜಿ ಒಂದೇ ನೋಟಕ್ಕೆ ಕಂಡರು, ನಾನು ದಿನವೂ ಎದುರಿಗೇ ಕೂತೂ ಕಾಣಲಿಲ್ಲ.